ಖಂಡೇಪೂಜೆಯ ದಿನದ ಚಾವಿ

ನಮ್ಮ ಅಂಬಾಸಿಡರ್ ನೋಡಲು ಹುಬ್ಬಳ್ಳಿಯಿಂದ ಒಬ್ಬರು ಬಂದಿದ್ದರು. ಹಳೆ ಕಾರು ಕೂಡಿಸಿಟ್ಟುಕೊಳ್ಳುವ ಹುಚ್ಚಂತೆ. ಅಪ್ಪ ಬೆಳಿಗ್ಗೆಯೇ ತಗಡಿನ ಶೆಡ್ಡಿನಿಂದ ಗಾಡಿಯನ್ನು ಹೊರಗೆ ತೆಗೆದು, ಒರೆಸಿ ನಿಲ್ಲಿಸಿದ್ದ. ನನಗೆ ಬೇಜಾರೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಅವ್ವ ಹೋದಾಗಿನಿಂದ ನಾನು ಹೀಗೇ ಇದ್ದೇನೆ.

ಮೊದಲು ಇದು ಒಬ್ಬ ಡಾಕ್ಟರರ ಗಾಡಿ. ನಾನು ಹುಟ್ಟುವ ಮುಂಚೆ ಅಪ್ಪ ಅವರಿಂದ ಕೊಂಡು ನಮ್ಮೂರು ಸಂಶಿಗೆ ತಂದ. ನಮ್ಮ ಓಣಿಯ ಅರ್ಧಕ್ಕರ್ಧ ಹೆಣ್ಣುಮಕ್ಕಳು ಮದುವೆಯಾಗಿ ಇದರಲ್ಲೇ ಗಂಡನ ಮನೆಗೆ ಹೋದವರು. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಹೂತುಕೊಂಡರೆ ಎತ್ತು ಹೂಡಿ ಎಳೆಸಬೇಕಿತ್ತು. ಎಲ್ಲರೂ ಇಳಿದರೂ ಅವ್ವ ಇಳಿಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತೇ "ಹೊಡೀರಿ, ಹೊಡೀರಿ" ಎಂದು ಹುಕುಂ ಮಾಡುತ್ತಿದ್ದಳು. ಅಪ್ಪ ಹಲ್ಲು ಕಡಿಯುತ್ತಿದ್ದ, ಬೈಯುತ್ತಿರಲಿಲ್ಲ.

ಏಳು ವರ್ಷದ ಹಿಂದಿನ ಖಂಡೇಪೂಜೆ. ಗಾಡಿಗೆ ವಿಭೂತಿ ಬಳಿದು, ಚೆಂಡುಹೂವಿನ ಮಾಲೆ ಹಾಕಿ, ಚಾವಿಯನ್ನು ಕೊಡಲಿ, ಕುಡುಗೋಲುಗಳ ಜೊತೆ ದೇವರ ಜಗಲಿಯ ಮೇಲೆ ಇಟ್ಟಿದ್ದೆವು. ಪೂಜೆಗಿಟ್ಟದ್ದನ್ನು ಮರುದಿನ ಬನ್ನಿ ಮುಡಿಯುವವರೆಗೆ ಎತ್ತುವಂತಿಲ್ಲ, ಅದು ನಮ್ಮ ಮನೆಯ ಕಟ್ಟು. ಮಧ್ಯಾಹ್ನ ಅವ್ವ ಎದೆ ಹಿಡಿದುಕೊಂಡು ಕೂತಳು. ಅಪ್ಪ ಜಗಲಿಯ ಕಡೆ ನೋಡಿದ. ನಾನೂ ನೋಡಿದೆ. ನನಗೂ ಗಾಡಿ ಹೊಡೆಯಲು ಬರುತ್ತಿತ್ತು.

"ಪೂಜಿಗಿಟ್ಟೇವಿ, ಹೆಂಗ ಎತ್ತೂದು? ಲಗೂನ ಟಂಟಂ ಕರಕೊಂಡ ಬಾ," ಎಂದ ಅಪ್ಪ.

ನಾನು ಓಡಿದೆ. ಊರಿನ ಟಂಟಂ ರಿಕ್ಷಾಗಳಿಗೂ ಅಂದು ಪೂಜೆ, ಯಾರೂ ಹೊರಡಲೊಲ್ಲರು. ಕೊನೆಗೆ ಮುಸಲ್ಮಾನರ ಓಣಿಯ ಕಾಕಾ ಒಬ್ಬರು ಉಣ್ಣುವುದನ್ನು ಬಿಟ್ಟು ಎದ್ದು ಬಂದರು. ಅಷ್ಟರಲ್ಲಿ ತಾಸಾಗಿತ್ತು. ಅವ್ವ ಜೀವಂತವಾಗಿ ದವಾಖಾನೆ ಮುಟ್ಟಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳಿದ: "ಗಾಡಿ ಬ್ಯಾಟರಿ ಇಳದಿತ್ರಿ. ಚಾಲೂ ಆಗಲಿಲ್ಲ." ನಾನು ಪಕ್ಕದಲ್ಲಿ ಕೂತು ತಲೆಯಾಡಿಸಿದೆ. ಏಳು ವರ್ಷ ಆಡಿಸುತ್ತಲೇ ಬಂದೆ. ಕಡೆಕಡೆಗೆ ಬ್ಯಾಟರಿ ನಿಜಕ್ಕೂ ಇಳಿದಿತ್ತೇನೋ ಎಂದು ನನಗೇ ಅನ್ನಿಸತೊಡಗಿತ್ತು.

ಹುಬ್ಬಳ್ಳಿಯವರು ಬಾನೆಟ್ ಎತ್ತಿ, ಬಗ್ಗಿ ನೋಡಿ ಕೇಳಿದರು: "ಕಾಕಾ, ಹಳೇ ಗಾಡಿ. ನಡುವ ಎಲ್ಲರೆ ಕೈ ಕೊಟ್ಟೈತೇನ್ರಿ?"

ಅಪ್ಪನಿಗೆ ಸಿಟ್ಟೇ ಬಂತು. "ಏನ್ ಮಾತ್ರಿ ಇದು! ತಂದಾಗಿಂದ ಒಂದ ದಿನಾನೂ ಕೈ ಕೊಟ್ಟಿಲ್ರಿ. ಯಾವಾಗ ಚಾವಿ ತಿರುವಿದ್ರೂ ಒಂದ ಸಲಕ್ಕ..."

ಅಪ್ಪ ನನ್ನ ಮುಖ ನೋಡಿದ. ಬಂದವರು ಕೈ ಚಾಚಿ ಚಾವಿಗಾಗಿ ಕಾಯುತ್ತಿದ್ದರು.

"ಚಾ ತರತೀನ್ರಿ," ಎಂದು ನಾನು ಒಳಗೆ ಹೋದೆ. ಗ್ಯಾಸ್ ಹಚ್ಚಿ ನೀರಿಟ್ಟೆ, ಸಕ್ಕರೆ ಹಾಕಿದೆ. ಅಳು ಬರಲಿಲ್ಲ. ಹೊರಗೆ ಗಾಡಿ ಚಾಲೂ ಆದ ಸದ್ದು ಕೇಳಿತು, ಒಂದೇ ಸಲಕ್ಕೆ.