ಅಖ್ತರಿಯ ಅರಬ್ಬಿ

ಅರಬರ ದೇಶದಲ್ಲಿ ಎರಡು ವರ್ಷ ಮನೆಗೆಲಸ ಮಾಡಿ ಬೆಟಗೇರಿಗೆ ಮರಳಿದ ಮೇಲೆ ಅಖ್ತರಿಯ ಬಾಯಿ ಹಿಡಿಯುವವರೇ ಇಲ್ಲ. ಬಾಗಿಲಿಗೆ ಬಂದ ಆಡನ್ನು ಅವಳು ಅರಬ್ಬಿಯಲ್ಲೇ ಬೈಯುತ್ತಾಳೆ, ಅದೂ ತಿಳಿದಂತೆ ತಲೆ ತಗ್ಗಿಸಿ ಹೋಗುತ್ತದೆ. ಆಟೋದಲ್ಲಿ ಕುಳಿತು ‘ಯಲ್ಲಾ, ಯಲ್ಲಾ’ ಎಂದು ಅವಸರ ಮಾಡಿದರೆ ಹುಲಗಪ್ಪನ ಮುರುಕು ಆಟೋ ಗದಗ ದಾಟಿ ಮುಂಡರಗಿಯ ದಾರಿಯನ್ನೇ ಹಿಡಿಯುತ್ತದೆ. “ಶಾಲಿ ಇಲ್ಲ, ಪುಸ್ತಕ ಇಲ್ಲ, ಮೂರ ತಿಂಗಳದಾಗ ಕಲ್ತೆ ನೋಡ್ರಿ! ಅವರ ನಡಕ ಇದ್ರ ನಾಲಿಗಿ ತಾನ ಹೊರಳತೈತಿ” ಎನ್ನುತ್ತಾಳೆ. ಪಕ್ಕದ ಮನೆಯ ಕರೆವ್ವ ಮಗ್ಗದ ಮುಂದೆ ಕುಳಿತು ಇದನ್ನೆಲ್ಲ ಬೆರಗಿನಿಂದ ಕೇಳುವವಳು. ಅವಳ ಮಗಳು ಸಪ್ನಾ ಏಜೆಂಟನೊಬ್ಬನ ಮೂಲಕ ಮುಂದಿನ ವಾರ ಅದೇ ದೇಶಕ್ಕೆ ಅದೇ ಕೆಲಸಕ್ಕೆ ಹೊರಟಿದ್ದಳು. ಅದಕ್ಕೇ ನಾಲ್ಕು ಮಾತು ಕಲಿಸೆಂದು ಕರೆವ್ವ ಅಖ್ತರಿಯನ್ನು ಕರೆಸಿದ್ದಳು. ತಾ, ತೊಳಿ, ಒರಸು, ಜಲ್ದಿ ಮಾಡು, ಎಲ್ಲದಕ್ಕೂ ಅಖ್ತರಿ ಪಟಪಟನೆ ಅರಬ್ಬಿ ಮಾತು ಹೇಳಿಕೊಟ್ಟಳು. “ಅದೆಲ್ಲಾ ಆಮ್ಯಾಲ ಆಗಲಿ ಬಿಡ” ಎಂದಳು ಕರೆವ್ವ, “ಮುಂಜಾನೆದ್ದು ಎದುರಿಗೆ ಬಂದವರು ‘ಊಟಾ ಆತೇನವಾ?’ ಅಂತ ಕೇಳ್ತಾರಲ್ಲ, ಅದಕ್ಕ ಅರಬ್ಬಿಯಾಗ ಏನಂತಾರ?” ಅಖ್ತರಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಗೊತ್ತಿಲ್ಲ ಕರೆವ್ವಾ” ಎಂದಳು ಕಡೆಗೆ, “ಎರಡು ವರ್ಷದಾಗ ನನಗ ಯಾರೂ ಕೇಳಲೇ ಇಲ್ಲ.” ಕರೆವ್ವ ಹೌಹಾರಿದಳು, ಕೈಯೊಳಗಿನ ಲಾಳಿ ಜಾರಿ ನೆಲಕ್ಕೆ ಬಿತ್ತು. ಅದನ್ನೆತ್ತದೆ ಮಗಳ ಕಡೆ ತಿರುಗಿ, “ಸಪ್ನಾ, ಆ ಏಜೆಂಟಗ ಬ್ಯಾಡ ಅಂತ ಹೇಳಿಬಿಡು. ಮೊದಲ ಏಳು, ಅಖ್ತರಿಗೆ ತಾಟು ಹಾಕು” ಎಂದಳು.