ಗೆರೆ ಮೇಸ್ತ್ರಿಯ ನಾಲ್ಕು ಬೋಲ್ಟು

ಗುಡ್ಡದ ಬುಡದಲ್ಲಿದ್ದ ಬೈಕ್ ವರ್ಕ್‌ಶಾಪಿನ ಗೆರೆ ಮೇಸ್ತ್ರಿಗೆ ತನ್ನ ನೆರಳಿನ ಮೇಲೂ ಅನುಮಾನ ಎಂದು ಅವನ ಹೆಂಡತಿ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಇದು ಅನ್ಯಾಯದ ಮಾತು. ನೆರಳಾದರೋ ಕಣ್ಣೆದುರಿಗೇ ಬಿದ್ದಿರುತ್ತದೆ, ಅದರ ಮೇಲೆ ಎಂಥ ಅನುಮಾನ? ಕಣ್ಣು ತಪ್ಪಿಸಿ ನಡೆಯುವ ಸಂಗತಿಗಳು ಮಾತ್ರ ಅವನ ನಿದ್ದೆ ಕೆಡಿಸುತ್ತಿದ್ದವು. ಬಸ್ಸಿನ ಸುತ್ತ ಒಂದು ಸುತ್ತು ಹಾಕಿ, ಚಕ್ರದ ನಟ್ಟುಗಳನ್ನೆಲ್ಲ ನೋಡಿ, ಆಮೇಲೆ ಹತ್ತುವ ಆಸಾಮಿ ಅವನು. ಮಗಳ ಮದುವೆಯ ಫೋಟೋದಲ್ಲಿ ಬಂಧುಬಳಗವೆಲ್ಲ ಹಲ್ಲು ಬಿಟ್ಟುಕೊಂಡು ನಿಂತಿದ್ದರೆ, ಹಿಂದೆ ಮೂಲೆಯಲ್ಲಿ ಇವನೊಬ್ಬ ವೇದಿಕೆಯ ಕಂಬವನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸುತ್ತಿದ್ದಾನೆ.

"ಅಳಿಯನ್ನ ಅಲ್ಲಾಡಿಸಿ ನೋಡೋಕೆ ಆಗ್ಲಿಲ್ಲ, ಪಾಪ, ಕಂಬನಾದ್ರೂ ಅಲ್ಲಾಡಿಸ್ಲಿ ಬಿಡಿ" ಎಂದು ಹೆಂಡತಿ ಆ ಫೋಟೋ ತೋರಿಸಿದಾಗಲೆಲ್ಲ ಹೇಳುವಳು.

ಗೆರೆ ಎಂಬ ಅಡ್ಡಹೆಸರು ಬಂದದ್ದು ಕೆಲಸದಿಂದ. ಹರೆಯದಲ್ಲಿ ಲಾರಿ ಗ್ಯಾರೇಜಿನಲ್ಲಿದ್ದಾಗ ಅವನ ಕಣ್ಣೆದುರಿಗೇ ಒಂದು ಲಾರಿಯ ಚಕ್ರ ಕಳಚಿಕೊಂಡು ರಸ್ತೆಗುಂಟ ಉರುಳಿ ಹೋಗಿತ್ತು. ಅಂದಿನಿಂದ ಯಾವ ಬೋಲ್ಟನ್ನು ಬಿಗಿ ಮಾಡಿದರೂ ಅದರ ತಲೆಯಿಂದ ಪಕ್ಕದ ಲೋಹದವರೆಗೆ ಹಳದಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಎರಡು ತುಂಡಾಗಿ ಚಾಡಿ ಹೇಳುತ್ತದೆ. ಮೂವತ್ತು ವರ್ಷದಿಂದ ಈ ಗುಡ್ಡದಲ್ಲಿ ಬಾಡಿಗೆಗೆ ಹೋಗುವ ಬೈಕುಗಳೆಲ್ಲ, ಎಂಜಿನ್ನಿಲ್ಲದ, ದಪ್ಪ ಟೈರಿನ, ಮುಂದೆ ಹಿಂದೆ ಸ್ಪ್ರಿಂಗಿರುವ ಆ ಬೆಟ್ಟದ ಸೈಕಲ್ಲುಗಳೆಲ್ಲ, ಅವನ ಗೆರೆ ಹೊತ್ತೇ ಹೊರಗೆ ಹೋಗುತ್ತಿದ್ದವು.

ಗುಡ್ಡದ ನೆತ್ತಿಯಿಂದ ಕೆಳಕ್ಕೆ ಮೂರು ದಾರಿಗಳಿದ್ದವು. ಹಸಿರು ಹಲಗೆಯದು ಕಲಿಯುವವರಿಗೆ, ನೀಲಿಯದು ಕಲಿತವರಿಗೆ. ಕಪ್ಪು ಹಲಗೆಯದು ನುರಿತವರಿಗೆ ಮಾತ್ರ. ಮೊದಲಿಗೆ ಕಪ್ಪು ದಾರಿಯನ್ನು ಸನಿಕೆ ಹಿಡಿದು ಕಡಿದವನು ಮೇಸ್ತ್ರಿಯೇ. ಈಗ ದಾರಿಗಳ ಉಸ್ತುವಾರಿ ಅಳಿಯನದು. ಮಾತು ಕಡಿಮೆಯ ಆಳು, ದಿನವಿಡೀ ಮಣ್ಣು ಬಡಿಯುತ್ತ, ನೀರು ಹರಿಯಲು ಕಾಲುವೆ ತೋಡುತ್ತ ಗುಡ್ಡದ ಮೇಲೇ ಇರುವವನು. ಮಾತು ಕಡಿಮೆಯವರ ಮೇಲೆ ಮೇಸ್ತ್ರಿಗೆ ಮೊದಲಿನಿಂದಲೂ ಒಂದು ಕಣ್ಣು.

ಗೇಟು ತೆರೆಯುವ ಮುಂಚೆ ದಿನಾ ಒಬ್ಬರು ಕಪ್ಪು ದಾರಿಯಲ್ಲಿ ಇಳಿದು ಬರಬೇಕು, ಎಲ್ಲಿ ಮರ ಬಿದ್ದಿದೆ, ಎಲ್ಲಿ ಕಲ್ಲು ಸರಿದಿದೆ ನೋಡಿ ಹೇಳಬೇಕು. ಆಮೇಲೆಯೇ ಗೇಟಿನ ಹಲಗೆ ತಿರುಗಿಸುವುದು. ಆರು ವರ್ಷದಿಂದ ಈ ಮೊದಲ ಇಳಿತ ಮಗಳದು. ಅವಳ ಬೈಕನ್ನು ಹಿಂದಿನ ಸಂಜೆ ಸಿದ್ಧ ಮಾಡುವ ಕೆಲಸ ಅಪ್ಪನದು. ಹ್ಯಾಂಡಲನ್ನು ಕಚ್ಚಿ ಹಿಡಿಯುವ ನಾಲ್ಕು ಬೋಲ್ಟುಗಳನ್ನು ಅವನು ದಿನಾ ಪೂರ್ತಿ ಬಿಚ್ಚಿ, ಮರಳು ಒರೆಸಿ, ಹೊಸದಾಗಿ ಬಿಗಿ ಮಾಡುತ್ತಿದ್ದ. ನಿನ್ನೆಯ ಬಿಗಿಯನ್ನು ಇವತ್ತಿಗೂ ನಂಬಿಕೊಂಡು ಕೂರುವ ಜಾಯಮಾನ ಅವನದಲ್ಲ. ಕಪ್ಪು ದಾರಿಗೆ ಹೋಗುವ ಎಂಟು ಬಾಡಿಗೆ ಬೈಕುಗಳಿಗೂ ಇದೇ ಶಾಸ್ತ್ರ. ಬೇಕಾದಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುವ ಹೊಸ ಸ್ಪ್ಯಾನರನ್ನು ಈ ವರ್ಕ್‌ಶಾಪು, ದಾರಿಗಳ ಒಡತಿಯಾದ ಯಜಮಾನಿ ತರಿಸಿಕೊಟ್ಟಿದ್ದರು. ಮೇಸ್ತ್ರಿ ಅದನ್ನು ಮೊಳೆಗೆ ನೇತುಹಾಕಿದ್ದ. ಆ ಟಕ್ ನಿಜವೋ ಸುಳ್ಳೋ ಯಾರು ಕಂಡವರು? ಅವನಿಗೆ ಅವನ ಬಲಗೈಯೇ ಅಳತೆ.

ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ಮಗಳು ತೋಳನ್ನು ಕುತ್ತಿಗೆಗೆ ಕಟ್ಟಿಕೊಂಡು ಗಂಡನ ಜೊತೆ ಅಪ್ಪನ ಮನೆಗೆ ಬಂದಳು. ಭುಜ ಊದಿತ್ತು, ಮೊಣಕೈ ತರಚಿತ್ತು.

"ಬಚ್ಚಲಲ್ಲಿ ಜಾರಿಬಿಟ್ಟೆ ಅಪ್ಪ" ಎಂದಳು.

ಹೇಳುವಾಗ ಅವಳ ಕಣ್ಣು ಗಂಡನ ಕಡೆಗಿತ್ತು. ಮೊಣಕೈಯ ಗಾಯದಲ್ಲಿ ಸಣ್ಣ ಜಲ್ಲಿ ಹೂತಿದ್ದನ್ನು ಮೇಸ್ತ್ರಿ ನೋಡಿದ. ಬಚ್ಚಲಿಗೆ ಜಲ್ಲಿ ಎಲ್ಲಿಂದ ಬಂತು? ಹುಟ್ಟಿದಾಗಿನಿಂದ ಒಂದೂ ಸುಳ್ಳು ಹೇಳದ ಮಗಳು ಇವತ್ತು ಯಾರನ್ನು ಕಾಪಾಡುತ್ತಿದ್ದಾಳೆ?

ಹತ್ತು ದಿನ ಕಳೆದು ಅವಳು ಮತ್ತೆ ಬೈಕು ಹತ್ತಿದಳು. ಆ ವಾರವೇ ಮೇಸ್ತ್ರಿ ಇನ್ನೊಂದನ್ನು ಕಂಡುಹಿಡಿದ. ಸಂಜೆ ಬೈಕು ವಾಪಸು ಬಂದಾಗ ಹ್ಯಾಂಡಲಿನ ನಾಲ್ಕೂ ಬೋಲ್ಟುಗಳ ಮೇಲೆ ಗೆರೆ ಇತ್ತು, ಹಳದಿಯೇ ಇತ್ತು, ಆದರೆ ಅದು ಅವನ ಗೆರೆಯಲ್ಲ. ಅವನ ಗೆರೆಗೆ ಈಚೆಗೆ ತುದಿಯಲ್ಲಿ ಸಣ್ಣದೊಂದು ನಡುಕ ಸೇರಿಕೊಂಡಿತ್ತು. ಪೆನ್ನಿನ ಕಂಪನಿಯವರು ಕಳಪೆ ತುದಿ ಹಾಕಿ ಜನರ ತಲೆಗೆ ಟೋಪಿ ಹಾಕುತ್ತಿದ್ದಾರೆ ಎಂದು ಅವನು ಬೈದುಕೊಂಡಿದ್ದ. ಈ ಗೆರೆಗಳೋ ಸ್ಕೇಲು ಇಟ್ಟು ಎಳೆದಷ್ಟು ನೇರ. ಯಾರೋ ಬೋಲ್ಟಿಗೆ ಕೈ ಹಾಕಿ, ಗೆರೆ ಒರೆಸಿ, ಕಳ್ಳಗೆರೆ ಎಳೆದಿದ್ದಾರೆ.

ಬಾಡಿಗೆ ಬೈಕುಗಳನ್ನು ನೋಡಿದ. ಎಂಟಕ್ಕೆ ಎಂಟೂ ಕಳ್ಳಗೆರೆ. ಬಿಚ್ಚಲು ಹೋದರೆ ಬೋಲ್ಟುಗಳು ಹಟ ಹಿಡಿದು ಕೂತಿದ್ದವು, ಬಲಗೈ ಸೋತು ಉದ್ದ ಹಿಡಿಯ ಸ್ಪ್ಯಾನರ್ ತರಬೇಕಾಯಿತು. ಸಡಿಲ ಮಾಡಿದವನು ಸಿಕ್ಕಿಬೀಳಬಾರದೆಂದು ಆಮೇಲೆ ಗಾಬರಿಯಲ್ಲಿ ಅಗತ್ಯಕ್ಕಿಂತ ಹೆಚ್ಚು ಬಿಗಿ ಮಾಡಿದ್ದಾನೆ ಎಂದು ಮೇಸ್ತ್ರಿ ತೀರ್ಮಾನಿಸಿದ. ಅನುಮಾನದವರ ತಲೆಯೇ ಹಾಗೆ, ಅದಕ್ಕೆ ಹೊಂದದ ಸಾಕ್ಷಿಯೇ ಇರುವುದಿಲ್ಲ.

ಅಳಿಯನ ಮಳೆಕೋಟನ್ನು ಒಣಗಲು ಹಾಕುವ ನೆಪದಲ್ಲಿ ಜೇಬು ತಡಕಿದ. ಹಳದಿ ಪೇಂಟ್ ಪೆನ್ನು ಸಿಕ್ಕಿತು. ಇನ್ನೇನು ಬೇಕು? ಬರುವ ವರ್ಷ ವರ್ಕ್‌ಶಾಪು, ದಾರಿ ಎರಡನ್ನೂ ಒಬ್ಬರ ಕೈಗೇ ಕೊಡುತ್ತೇನೆ ಎಂದು ಯಜಮಾನಿ ಆಗಷ್ಟೇ ಹೇಳಿದ್ದರು. ಮೇಸ್ತ್ರಿಯ ಬೈಕು ಮುರಿದು ಒಬ್ಬರು ಬಿದ್ದರೆ ಸಾಕು, ಮಾವ ಮನೆಗೆ, ಅಳಿಯ ಕುರ್ಚಿಗೆ. ಬೀಳುವವಳು ಸ್ವಂತ ಹೆಂಡತಿಯಾದರೂ ಚಿಂತೆಯಿಲ್ಲವೇ ಈ ಮನುಷ್ಯನಿಗೆ?

"ನಿನ್ನ ಅಳಿಯ ಸರಿ ಇದ್ದಾರೇನೇ?" ಎಂದು ಹೆಂಡತಿಯನ್ನು ಕೇಳಿದ.

"ನನ್ನ ಅಳಿಯ ಅಂದ್ರೆ ನಿಮಗೇನು ಬೀಗರಾ?" ಎಂದಳು ಅವಳು. "ಬೆಳಗ್ಗೆ ಐದಕ್ಕೇ ಎದ್ದು ಕೆಲಸಕ್ಕೆ ಹೋಗ್ತಾರಂತೆ, ಮಗಳು ಹೇಳ್ತಿದ್ಲು. ನೀವು ಅದಕ್ಕೂ ಒಂದು ಹುಳುಕು ಹುಡುಕಿ."

ಐದಕ್ಕೆ! ದಾರಿಯ ಕೆಲಸ ಶುರುವಾಗುವುದು ಏಳಕ್ಕೆ.

ಮಾರನೆಯ ಬೆಳಗಿನ ಜಾವ ಮೇಸ್ತ್ರಿ ಹಿಂಬಾಗಿಲಿನಿಂದ ವರ್ಕ್‌ಶಾಪಿನೊಳಗೆ ಹೊಕ್ಕು ಹಳೇ ಟೈರುಗಳ ರಾಶಿಯ ಹಿಂದೆ ಮಂಡಿ ಮಡಚಿ ಕೂತಿದ್ದ. ಐದು ಹೊಡೆದ ಮೇಲೆ ಬೀಗ ತೆರೆದ ಸದ್ದಾಯಿತು. ಅಳಿಯ ಒಳಗೆ ಬಂದ, ದೀಪ ಹಾಕಿದ, ಸೀದಾ ಮಗಳ ಬೈಕಿನ ಹತ್ತಿರ ಹೋಗಿ ಬೆನ್ನು ತಿರುಗಿಸಿ ಬಗ್ಗಿದ. ಕೈಯಲ್ಲಿ ಸ್ಪ್ಯಾನರ್ ಇತ್ತು. ಒಂದೊಂದೇ ಬೈಕಿನ ಹತ್ತಿರ ಕೂತೆದ್ದ. ದೂರಕ್ಕೆ ಮೇಸ್ತ್ರಿಯ ಕಿವಿಗೆ ಏನೂ ಕೇಳಿಸಲಿಲ್ಲ, ತನ್ನ ಎದೆಬಡಿತವೇ ಅಷ್ಟು ಜೋರಾಗಿತ್ತು. ಅರ್ಧ ಗಂಟೆಯಲ್ಲಿ ಅಳಿಯ ಬೀಗ ಹಾಕಿಕೊಂಡು ಹೊರಟುಹೋದ.

ಎದ್ದು ಕೊರಳಪಟ್ಟಿ ಹಿಡಿಯಬಹುದಿತ್ತು. ಹಿಡಿದರೆ ಇಲ್ಲ ಎನ್ನುತ್ತಾನೆ, ಮಗಳು ಗಂಡನ ಪರ ನಿಲ್ಲುತ್ತಾಳೆ, ಹೆಂಡತಿ ಮದುವೆಯ ಫೋಟೋ ತರುತ್ತಾಳೆ. ಬೋಲ್ಟು ಮುಟ್ಟದೆ, ಹೇಗಿದೆಯೋ ಹಾಗೆ ಬೈಕನ್ನು ಇಳಿಸಬೇಕು, ಅದು ತನ್ನ ಕೆಳಗೇ ಮುರಿಯಬೇಕು. ಮುರಿದ ಬೈಕಿನ ಮುಂದೆ ಯಾವನು ಸುಳ್ಳು ಹೇಳುತ್ತಾನೆ? ಮಗಳು ಬೀಳುವುದಕ್ಕಿಂತ ತಾನು ಬೀಳುವುದೇ ವಾಸಿ. ಅರವತ್ತೊಂದು ವರ್ಷದ ಮನುಷ್ಯ ಹೆಲ್ಮೆಟ್ ಬಿಗಿದುಕೊಂಡು, ಮಂಡಿಗೆ ಪಟ್ಟಿ ಕಟ್ಟಿ, ಮಗಳ ಬೈಕನ್ನು ಹಿಂಬಾಗಿಲಿನಿಂದ ಹೊರತಂದು ಗಾಡಿ ರಸ್ತೆಯಲ್ಲಿ ಒಂದು ಗಂಟೆ ತಳ್ಳಿಕೊಂಡು ಗುಡ್ಡ ಹತ್ತಿದ.

ಕಪ್ಪು ದಾರಿಯಲ್ಲಿ ಅವನು ಇಳಿದು ಏಳು ವರ್ಷವಾಗಿತ್ತು. ಮೊದಲಿಗೇ ಬೇರುಗಳ ಜಾಲ. ಪೆಡಲುಗಳ ಮೇಲೆ ಎದ್ದು ನಿಂತು, ಸೊಂಟ ಸೀಟಿನ ಹಿಂದಕ್ಕೆ ತಳ್ಳಿ, ಎರಡೂ ಬ್ರೇಕಿನ ಮೇಲೆ ಒಂದೊಂದೇ ಬೆರಳಿಟ್ಟು ಅವನು ಬೈಕನ್ನು ಇಳಿಜಾರಿಗೆ ಬಿಟ್ಟ. ಕಾಲಿಗೆ ನೆನಪಿತ್ತು. ಕಣ್ಣು ಮಾತ್ರ ಮುಂದಿನ ದಾರಿ ನೋಡುವುದು ಬಿಟ್ಟು ಮತ್ತೆ ಮತ್ತೆ ಆ ನಾಲ್ಕು ಬೋಲ್ಟುಗಳಿಗೆ ಹಾರುತ್ತಿತ್ತು. ಈಗ ತಿರುಗುತ್ತದೆ, ಈ ಬೇರಿನ ಮೇಲೆ ತಿರುಗುತ್ತದೆ. ತಿರುಗಲಿಲ್ಲ.

ಆಮೇಲೆ ಹಾಸುಬಂಡೆ, ಮನೆಯ ಮಾಡಿನಷ್ಟು ಕಡಿದಾದದ್ದು. ಅಲ್ಲಿ ಮುಂದಿನ ಬ್ರೇಕು ಜೋರಾಗಿ ಹಿಡಿದರೆ ತಲೆಕೆಳಗಾಗುವುದೇ ಸೈ. ಟೈರು ಕಲ್ಲನ್ನು ಕಚ್ಚಿಕೊಂಡು ಇಳಿಯಿತು. ಕೆಳಗಿನ ತಿರುವಿನಲ್ಲಿ ಅಳಿಯ ಕಟ್ಟಿದ ಮಣ್ಣಿನ ದಂಡೆ ಚಕ್ರವನ್ನು ಹಿಡಿದು ಸಲೀಸಾಗಿ ಆಚೆ ಕಳಿಸಿತು. ಎಷ್ಟು ಚೆನ್ನಾಗಿ ಬಡಿದಿದ್ದಾನೆ ಮಣ್ಣನ್ನು! ನೀರು ನಿಲ್ಲುವ ಒಂದು ಜಾಗವೂ ಇಲ್ಲ. ಇಷ್ಟು ಶ್ರದ್ಧೆ ಯಾತಕ್ಕೆ? ಹೊಗಳಿಕೆ ಮನಸ್ಸಿಗೆ ಬಂದ ಬೆನ್ನಿಗೇ ಮೇಸ್ತ್ರಿಗೆ ಅದರ ಮೇಲೂ ಗುಮಾನಿ ಹುಟ್ಟಿತು.

ಇನ್ನು ಉಳಿದದ್ದು ಕೊನೆಯ ಜಿಗಿತ. ದಾರಿ ಆಳೆತ್ತರದ ಕಲ್ಲಿನ ಅಂಚಿಗೆ ಬಂದು ಅಲ್ಲಿಗೆ ಮುಗಿದುಬಿಡುತ್ತದೆ, ಮತ್ತೆ ಶುರುವಾಗುವುದು ಕೆಳಗೆ. ಅರ್ಧ ಮನಸ್ಸಿನಲ್ಲಿ ಹಾರಿದವರನ್ನೇ ಅದು ಬೀಳಿಸುವುದು. ಮೇಸ್ತ್ರಿ ಬ್ರೇಕು ಬಿಟ್ಟ. ಗಾಳಿಯಲ್ಲಿದ್ದ ಆ ಒಂದು ಕ್ಷಣ ಅವನಿಗೆ ನಿಜವಾಗಿ ಹೆದರಿಕೆಯಾಯಿತು. ದಡ್ ಎಂದು ಎರಡೂ ಚಕ್ರ ನೆಲ ಮುಟ್ಟಿದವು. ಹ್ಯಾಂಡಲು ಎಳ್ಳಷ್ಟೂ ಅಲುಗಲಿಲ್ಲ. ಅವನ ಬಲಗೈ ಹಿಡಿ ಬಿಟ್ಟು ಜಾರಿತು.

ಬೈಕು ಒಂದು ಕಡೆ, ಅವನು ಒಂದು ಕಡೆ. ತರಗೆಲೆಯ ರಾಶಿಯಲ್ಲಿ ಬಿದ್ದದ್ದರಿಂದ ಮೂಳೆ ಉಳಿಯಿತು. ಕೆಳಗಿನಿಂದ ಓಡಿಬರುವ ಹೆಜ್ಜೆ ಸದ್ದು ಕೇಳಿಸಿತು. ಬೈಕು, ಹೆಲ್ಮೆಟ್ಟು, ಅಪ್ಪ ಮೂರೂ ಕಾಣದೆ ಗಾಬರಿಬಿದ್ದು ಮಗಳೂ ಅಳಿಯನೂ ದಾರಿ ಹಿಡಿದು ಮೇಲೆ ಬಂದಿದ್ದರು. ಮೊದಲು ಬಂದು ಅವನ ತಲೆ ಹಿಡಿದು ಎತ್ತಿದವನು ಅಳಿಯ.

"ಮುಟ್ಬೇಡ!" ಎಂದು ಮೇಸ್ತ್ರಿ ಗದರಿದ. "ಕಣ್ಣಾರೆ ನೋಡಿದ್ದೀನಿ. ನನ್ನ ಬೋಲ್ಟು ಬಿಚ್ಚೋನು ನೀನೇ. ನನ್ನ ಮಗಳನ್ನ ಬೀಳಿಸಿದ್ದೂ ನೀನೇ."

ಅಳಿಯ ಹೆಂಡತಿಯ ಮುಖ ನೋಡಿದ. ಅವಳು ಅಪ್ಪನ ಪಕ್ಕದಲ್ಲಿ ಕುಸಿದು ಕೂತಳು.

"ಯಾರೂ ಬಿಚ್ಚಿಲ್ಲ ಅಪ್ಪ. ಟಕ್ ಅನ್ನೋ ಸ್ಪ್ಯಾನರಲ್ಲಿ ಬಿಗಿ ಮಾಡ್ತಿದ್ವಿ."

"ಬಿಗಿ ಮಾಡಿದ್ದನ್ನ ಇನ್ನೇನು ಬಿಗಿ ಮಾಡೋದು?"

"ಬಿಗಿ ಇರ್ತಿರ್ಲಿಲ್ಲ. ಮುಟ್ಟಿದ್ರೆ ಅರ್ಧ ಸುತ್ತು ತಿರುಗ್ತಿತ್ತು." ಅವಳು ಮೇಲಿನ ಕಲ್ಲಿನ ಅಂಚಿನ ಕಡೆ ಕೈ ತೋರಿಸಿದಳು. "ಬಚ್ಚಲಲ್ಲಿ ಬಿದ್ದಿದ್ದಲ್ಲ ನಾನು. ಇಲ್ಲೇ, ಇದೇ ಜಿಗಿತದ ಕೆಳಗೆ, ಹ್ಯಾಂಡಲು ಕೈಯಲ್ಲೇ ಮುಂದಕ್ಕೆ ತಿರುಗ್ತು."

ಮೇಸ್ತ್ರಿ ತನ್ನ ಬಲಗೈ ನೋಡಿಕೊಂಡ. ಮುಷ್ಟಿ ಕಟ್ಟಲು ನೋಡಿದ. ಬೆರಳುಗಳು ಅರ್ಧಕ್ಕೆ ಬಂದು ನಿಂತವು. ಇದು ಇವತ್ತು ಬಿದ್ದ ಪೆಟ್ಟಿನಿಂದಲ್ಲ ಎಂದು ಅವನಿಗೆ ಗೊತ್ತಿತ್ತು, ಎಷ್ಟೋ ದಿನದಿಂದ ಗೊತ್ತಿತ್ತು.

"ಹೇಳ್ಬಹುದಿತ್ತಲ್ಲ?" ಎಂದ.

"ನಾನು ಹೇಳೋಕೇ ಹೊರಟಿದ್ದೆ, ಇವ್ರೇ ಬೇಡ ಅಂದ್ರು. ಯಜಮಾನಿ ಕಿವಿಗೆ ಬಿದ್ರೆ ಮಾವನ್ನ ಮನೆಗೆ ಕಳಿಸಿಬಿಡ್ತಾರೆ, ಎರಡು ಗಂಟೆ ಬೇಗ ಎದ್ರೆ ಆಯ್ತು ಅಂದ್ರು. ಗೆರೆನೂ ನಿನ್ನ ಹಾಗೇ ಎಳೀತಿದ್ರು, ನಿನ್ನ ಮನಸ್ಸಿಗೆ ನೋವಾಗಬಾರದು ಅಂತ." ಅವಳು ಕಣ್ಣೊರೆಸಿಕೊಂಡಳು. "ಅಲ್ಲದೆ, ಹೇಳಿದ್ರೆ ನೀನು ನಂಬ್ತಿದ್ದ್ಯಾ?"

ಮೇಸ್ತ್ರಿ ಯೋಚಿಸಿದ. ಇಲ್ಲ. ಅಳಿಯ ಹೇಳಿಕೊಟ್ಟ ಮಾತು ಇದು ಅಂದುಕೊಳ್ಳುತ್ತಿದ್ದ. ಇಷ್ಟು ದಿನ ಕಳ್ಳನೆಂದು ಕಾವಲು ಕಾದದ್ದು ತನ್ನ ಮಾನ ಕಾಯುತ್ತಿದ್ದವನನ್ನು.

"ಬೋಲ್ಟು ಸ್ವಲ್ಪ ಸಡಿಲ ಆಗಿತ್ತು ಮಾವ, ಅಷ್ಟೇ" ಎಂದ ಅಳಿಯ, ಬೈಕನ್ನು ಎತ್ತಿ ನಿಲ್ಲಿಸುತ್ತ. "ಆಗ್ತಿರುತ್ತೆ."

"ತಾನಾಗೇ ಆಗಲ್ಲ ಅಳಿಯಂದ್ರೇ. ಯಾರಾದ್ರೂ ಮಾಡಿರ್ಬೇಕು."

ಅವನು ಎಡಗೈ ಊರಿ ಎದ್ದು ನಿಂತ. ಕೆಳಗೆ ಗೇಟಿನ ಹತ್ತಿರ ಆಗಲೇ ನಾಲ್ಕಾರು ಜನ ಬೈಕು ಸವಾರರು ಬಂದು ಕಾಯುತ್ತಿದ್ದರು. ಯಜಮಾನಿಯ ಕಾರೂ ಬಂದಿತ್ತು.

"ನಾನೇ ಹೋಗಿ ಯಜಮಾನಿಗೆ ಹೇಳ್ತೀನಿ" ಎಂದ.

"ಏನಂತ ಹೇಳ್ತೀಯ ಅಪ್ಪ?"

"ನನ್ನ ಮಗಳನ್ನ ಬೀಳಿಸಿದೋನು ಸಿಕ್ಕಿದ ಅಂತ."