ಮಾಳಮ್ಮನ ಕಾಗದದಲ್ಲಿ ನಾನು ಬರೆದ ಪದ

ಮಾಳಮ್ಮ, ನಿನಗೆ ನರ್ಸ್ ತರಬೇತಿಯ ಸೀಟು ತಪ್ಪಿದ್ದು ನಿನ್ನ ಮುಖದಿಂದಲ್ಲ, ನನ್ನಿಂದ. ನಾನು ಬರೆದ ಒಂದೇ ಒಂದು ಇಂಗ್ಲಿಷ್ ಪದದಿಂದ. ಅದು ತಿಳಿದ ಮೇಲೂ, ಹೋದ ವಾರ ಭಾಲ್ಕಿ ಬಸ್ ನಿಲ್ದಾಣದಲ್ಲಿ ನಿನ್ನೆದುರು ನಿಂತು ಸುಳ್ಳು ಹೇಳಿದೆ. ಮೊದಲ ತಪ್ಪಿಗೆ ಇಪ್ಪತ್ತು ವರ್ಷವಾಯಿತು, ಎರಡನೆಯದಕ್ಕೆ ಎಂಟು ದಿನ. ಎರಡನ್ನೂ ಇವತ್ತು ಒಪ್ಪಿಕೊಳ್ಳುತ್ತೇನೆ.

ಔರಾದಿನಲ್ಲಿ ನಾನು ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ನನಗೊಂದು ಚಟವಿತ್ತು, ನಿನಗೆ ನೆನಪಿರಬಹುದು. ಜೇಬಿನಲ್ಲಿ ಸಣ್ಣ ನಿಘಂಟು. ದಿನಕ್ಕೊಂದು ಹೊಸ ಪದ ಕಲಿತು ಕಪ್ಪು ಹಲಗೆಯ ಮೂಲೆಯಲ್ಲಿ ಬರೆಯುವುದು, ಕೆಳಗೆ ಅದರ ಅರ್ಥ, ಅದರ ಕೆಳಗೆ ಒಂದು ವಾಕ್ಯ. ಕಲಿತ ಪದವನ್ನು ಸಂಜೆಯೊಳಗೆ ಒಬ್ಬ ಜೀವಂತ ಮನುಷ್ಯನ ಮೇಲೆ ಬಳಸಬೇಕು, ಇಲ್ಲದಿದ್ದರೆ ತಲೆಯಲ್ಲಿ ನಿಲ್ಲುವುದಿಲ್ಲ ಎಂದು ನಿಮಗೆಲ್ಲ ಹೇಳುತ್ತಿದ್ದೆ. ಎಂಥ ಜಂಬ ಇತ್ತು ನನಗೆ!

ಆ ದಿನದ ಪದ ‘ಮೊರೋಸ್’. ಸದಾ ಮುಖ ಸಿಂಡರಿಸಿಕೊಂಡಿರುವ, ಯಾರೊಡನೆಯೂ ಬೆರೆಯದ ಮನುಷ್ಯ ಎಂದು ಅರ್ಥ. ಎರಡು ದಿನದ ದುಃಖಕ್ಕೆ ಆ ಮಾತು ಹೇಳುವುದಿಲ್ಲ. ಅದು ಮನುಷ್ಯನ ಸ್ವಭಾವಕ್ಕೇ ಅಂಟುವ ಪದ. ಅವತ್ತೇ ಮಧ್ಯಾಹ್ನ ನೀನು ಬಂದೆ. ತರಬೇತಿ ಕೇಂದ್ರದವರು ನಿನ್ನ ನಡತೆಯ ಬಗ್ಗೆ ಶಿಕ್ಷಕರ ಪತ್ರ ಕೇಳಿದ್ದರು. ಕುರಿ ಕಾಯುವ ಮನೆಯ ಹುಡುಗಿ, ಹತ್ತನೆಯ ತರಗತಿಯನ್ನು ಒಳ್ಳೆಯ ಅಂಕಗಳಿಂದ ಪಾಸು ಮಾಡಿದವಳು. ನೀನು ನಕ್ಕಿದ್ದನ್ನು ನಾನು ಮೂರು ವರ್ಷದಲ್ಲಿ ನೋಡಿರಲಿಲ್ಲ. ‘ಪ್ರಾಮಾಣಿಕಳು, ಶ್ರಮಜೀವಿ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಆಮೇಲೆ — ಸಂಜೆಯೊಳಗೆ ಬಳಸಬೇಕಲ್ಲ — ‘ಸ್ವಭಾವದಿಂದ ಮೊರೋಸ್’ ಎಂದು ಸೇರಿಸಿದೆ. ವಾಕ್ಯ ಚೆನ್ನಾಗಿ ಕೂತಿತೆಂದು ಖುಷಿಪಟ್ಟೆ. ನಿನಗೆ ಕೆಟ್ಟದ್ದು ಬಯಸಿರಲಿಲ್ಲ, ನಿಜ. ಆದರೆ ಆ ಹೊತ್ತಿನಲ್ಲಿ ನಾನು ನಿನ್ನ ಬಗ್ಗೆ ಯೋಚಿಸಿರಲೇ ಇಲ್ಲ. ನೀನು ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡು, ನನ್ನ ಕಾಲಿಗೆ ನಮಸ್ಕಾರ ಮಾಡಿ ಹೋದೆ.

ಹೋದ ವಾರ ಭಾಲ್ಕಿಯಲ್ಲಿ ಒಬ್ಬ ಹೆಂಗಸು ಬಾಯ್ತುಂಬ ನಗುತ್ತ ನನ್ನೆದುರು ಬಂದು ನಿಂತಳು. ಮುಂದಿನ ಎರಡು ಹಲ್ಲು ಇರಲಿಲ್ಲ.

“ಗುರ್ತ ಸಿಗ್ಲಿಲ್ಲೇನ್ರಿ ಸರ್? ನಾ ಕುರಿಯವರ ಮಾಳಮ್ಮರಿ. ಠಾಣಾ ಕುಶನೂರದಾಗ ಸಾಲಿ ಬಿಸಿಯೂಟದ ಅಡಗಿ ಮಾಡ್ತೇನ್ರಿ.”

ನೀನು ಇಷ್ಟು ನಗುತ್ತೀಯೇನವ್ವ ಎಂದು ಕೇಳಿಯೇಬಿಟ್ಟೆ.

“ಸಣ್ಣಾಕಿ ಇದ್ದಾಗ ಟಗರು ಗುದ್ದಿ ಹಲ್ಲ ಹೋಗಿದ್ವುರಿ. ಬಾಯಿ ತೆರದ್ರ ಎಲ್ಲಾರೂ ನಗ್ತಾರ ಅಂತ ಮುಚ್ಕೊಂಡೇ ಕೂಡ್ತಿದ್ದೆರಿ. ಈಗ ಯಾರಿಗಿ ಅಂಜಬೇಕ್ರಿ?”

ಮೂರು ವರ್ಷ ನನ್ನೆದುರು ಕೂತಿದ್ದ ಹುಡುಗಿ. ಯಾಕವ್ವ ಸುಮ್ಮನಿರುತ್ತೀ ಎಂದು ಒಂದು ದಿನವೂ ನಾನು ಕೇಳಲಿಲ್ಲ —

ಆಮೇಲೆ ನೀನಾಗಿಯೇ ಸಂದರ್ಶನದ ಮಾತು ತೆಗೆದೆ. “ನಿಮ್ಮ ಕಾಗದ ಓದಿದ್ರುರಿ, ನನ್ನ ಮಾರಿ ನೋಡಿದ್ರುರಿ. ರೋಗಿಗಳ ಮುಂದ ಹಿಂಗಿದ್ರ ಹ್ಯಾಂಗ ಅಂದ್ರುರಿ. ನನ್ನ ಮಾರೀನೇ ಹಂಗ ಅದ ನೋಡ್ರಿ, ಯಾರೇನ್ ಮಾಡ್ಬೇಕು? ನಿಮ್ಮ ಕಾಗದ ತಿರುಗಿ ಕೊಟ್ರುರಿ, ಇನ್ನೂ ಇಟ್ಟೀನ್ರಿ, ಪ್ಲಾಸ್ಟಿಕ್ ಹಾಕಿಸೀನ್ರಿ. ಮಗಳು ಪೂಜಾ ಕಾಲೇಜಿಗಿ ಹೋಗ್ತಾಳ, ಎಲ್ಲಾ ಓದ್ತಾಳ, ಮೊರೋಸ್ ಅಂದ್ರ ಏನಂತ ಕೇಳ್ತಾಳ್ರಿ. ಏನ್ರಿ ಸರ್ ಅದು?”

ನಿನ್ನ ಸೀಟು ತಪ್ಪಿಸಿದ್ದು ಆ ಪದವೇ ಎಂದು ಆಗಲೇ ತಿಳಿಯಿತು. ಆದರೂ ನಾಲಗೆ ತಡವರಿಸಲಿಲ್ಲ. “ಗಂಭೀರ ಸ್ವಭಾವದಾಕಿ ಅಂತ ಅರ್ಥ, ಮಾಳಮ್ಮ. ಒಳ್ಳೇ ಮಾತದು,” ಅಂದೆ. ಮಗಳಿಗೆ ಹೇಳುತ್ತೇನೆಂದು ಎಷ್ಟು ಸಂತೋಷದಿಂದ ಬಸ್ ಹತ್ತಿದೆ ನೀನು!

ಮೈಲೂರಿನ ಮನೆಗೆ ಬಂದು ನನ್ನಾಕೆಗೆ ಎಲ್ಲ ಹೇಳಿದೆ. “ಹೋಗ್ಲಿ ಬಿಡ್ರಿ, ಆಕಿ ಖುಷಿಯಾಗಿದಾಳಲ್ಲ. ಈಗ್ಯಾಕ ಕೆದಕ್ತೀರಿ?” ಅಂದಳು. ಎಂಟು ದಿನ ನಾನೂ ಹಾಗೇ ಅಂದುಕೊಂಡು ನೋಡಿದೆ. ಪೂಜಾ ಮೊಬೈಲಿನಲ್ಲಿ ಹುಡುಕಿದರೆ ಅರ್ಥ ಸಿಕ್ಕೇಸಿಗುತ್ತದೆ, ಆ ಭಯ ನನಗಿಲ್ಲ ಎನ್ನಲಾರೆ. ಆದರೆ ನನಗೆ ತಡೆಯಲಾಗದಿರುವುದು ನಿನ್ನ ಆ ಒಂದು ಮಾತು — ‘ನನ್ನ ಮಾರೀನೇ ಹಂಗ ಅದ’. ಇಪ್ಪತ್ತು ವರ್ಷ ನೀನು ನಿನ್ನ ಮುಖವನ್ನೇ ದೂರುತ್ತ ಬಂದಿದ್ದೀ. ನನ್ನ ಮರ್ಯಾದೆ ಉಳಿಯಲೆಂದು ಅದನ್ನು ಇನ್ನೊಂದು ದಿನವೂ ಮುಂದುವರಿಯಲು ಬಿಡಲಾರೆ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಠಾಣಾ ಕುಶನೂರಕ್ಕೆ ಬರುತ್ತೇನೆ. ಮಕ್ಕಳ ಊಟ ಮುಗಿಯುವವರೆಗೆ ಶಾಲೆಯ ಜಗುಲಿಯ ಮೇಲೆ ಕಾಯುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಬಯ್ದರೆ ಬಯ್ಯಿಸಿಕೊಳ್ಳುತ್ತೇನೆ, ಮಾತಾಡದೆ ಒಳಗೆ ಹೋದರೆ ಅದನ್ನೂ ಸಹಿಸುತ್ತೇನೆ. ಈ ಪತ್ರವನ್ನು ನಿನ್ನ ಕೈಗೇ ಕೊಡುತ್ತೇನೆ. ಅವತ್ತು ನಿನಗೆ ಅರ್ಥವಾಗದ್ದನ್ನು ಬರೆದು ನಿನ್ನ ಕೈಯಲ್ಲೇ ಹೊರಿಸಿ ಕಳಿಸಿದೆ. ಈ ಸಲ ಕನ್ನಡದಲ್ಲಿ ಬರೆದಿದ್ದೇನೆ, ಮಾಳಮ್ಮ. ನೀನೇ ಓದು. ಓದಿ ಮುಗಿಸುವ ತನಕ ನಾನು ಎದುರಿಗೇ ನಿಂತಿರುತ್ತೇನೆ.